ಮಕ್ಕಳ ಕ್ಯಾನ್ಸರ್ ಚಿಕಿತ್ಸೆ ಮತ್ತು ಕುಟುಂಬ: ಕಡೂರು, ತರೀಕೆರೆ, ಅಜ್ಜಂಪುರ

ಚಿಕ್ಕಮಗಳೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಮಗುವಿಗೆ ಕ್ಯಾನ್ಸರ್ ಎಂದು ಗೊತ್ತಾದರೆ, ಪಾಲಾಗದೆಯೇ ಮನೆ ಎರಡಾಗುತ್ತದೆ. ತಾಯಿ ಮಗುವಿನೊಂದಿಗೆ ಬೆಂಗಳೂರಿನಲ್ಲಿ. ತಂದೆ ಅಡಿಕೆ, ತೆಂಗು, ಈರುಳ್ಳಿ ನೋಡಿಕೊಂಡು ಊರಿನಲ್ಲಿ. ಉಳಿದ ಮಕ್ಕಳು ಅಜ್ಜಿಮನೆಯಲ್ಲಿ. ಹೆಚ್ಚು ಕಡೆಗಣನೆಗೆ ಒಳಗಾಗುವವರು ಈ ಉಳಿದ ಮಕ್ಕಳೇ.

1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಸರ್ಕಾರಿ ವಲಯದ ಪ್ರಮುಖ ಆಸರೆ. ಕಡೂರಿನಿಂದ ಅಲ್ಲಿಗೆ ಸುಮಾರು 200 ಕಿಲೋಮೀಟರ್. ಕಡೂರು, ಅಜ್ಜಂಪುರ ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗದಲ್ಲಿವೆ. ತರೀಕೆರೆ ಬೀರೂರು–ಶಿವಮೊಗ್ಗ ಕವಲಿನಲ್ಲಿದೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ದರ್ಜೆ ಪೂರ್ತಿ ಉಚಿತ, ಜೊತೆಗಾರರೊಬ್ಬರಿಗೆ ಶೇ. 75 ರಿಯಾಯಿತಿ. 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಆದರೆ ತಪ್ಪಿದ ಕೂಲಿ, ಊಟ, ಬಾಡಿಗೆಯ ಲೆಕ್ಕ ಯಾವ ಕಾರ್ಡಿಗೂ ಸಿಗುವುದಿಲ್ಲ.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತಕ್ಯಾನ್ಸರಿಗೆ (ಎಎಲ್‌ಎಲ್) ಚಿಕಿತ್ಸೆ ಎರಡರಿಂದ ಮೂರು ವರ್ಷ. ಮೊದಲ ತಿಂಗಳುಗಳು ಆಸ್ಪತ್ರೆಯ ಸುತ್ತ. ಕೊನೆಯ ದೀರ್ಘ ಹಂತ ಮುಖ್ಯವಾಗಿ ಮನೆಯಲ್ಲೇ ನುಂಗುವ ಮಾತ್ರೆಗಳದ್ದು. ಈ ಹಂತದಲ್ಲಿ ಮಗು ಚೆನ್ನಾಗಿಯೇ ಓಡಾಡಿಕೊಂಡಿರುತ್ತದೆ. ವಾಸಿಯಾಯಿತೆಂದು ಔಷಧ ನಿಲ್ಲಿಸುವ ತಪ್ಪು ಆಗುವುದೂ ಆಗಲೇ.

ಮನೆಯ ಮಾತೂ ಬದಲಾಗುತ್ತದೆ. ಫೋನಿನಲ್ಲಿ ಅಜ್ಜಿ ಮೊದಲು ಕೇಳುವುದು ಮಳೆ ಬಂತಾ ಎಂದಲ್ಲ, ‘ಕೌಂಟ್ ಎಷ್ಟು ಬಂತು?’ ಎಂದು. ಬಿಳಿ ರಕ್ತಕಣಗಳ ಈ ಕೌಂಟ್ ಇಳಿದಾಗ ಸೋಂಕಿನ ಭಯದಿಂದ ಅಂತರಘಟ್ಟೆ ಜಾತ್ರೆಯೂ ಇಲ್ಲ, ಮದುವೆಮನೆಯೂ ಇಲ್ಲ. ಬಿಸಿ ಮುದ್ದೆ, ಕುದಿಸಿ ಆರಿಸಿದ ನೀರು. ಆಗ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು.