ಸಂತ ಥೋರ್ಲಾಕರ ಹಬ್ಬ ಮತ್ತು ಪುಸ್ತಕದ ಉಡುಗೊರೆ



ಆಗಮನ ಕಾಲ ಆರಂಭವಾಯಿತೆಂದರೆ ನಮ್ಮ ಮನೆಗಳಲ್ಲಿ ಗೋದಲಿಯ ಸಿದ್ಧತೆಯ ಜೊತೆಗೆ ಉಡುಗೊರೆಯ ಲೆಕ್ಕಾಚಾರವೂ ಶುರುವಾಗುತ್ತದೆ. ಮಕ್ಕಳಿಗೆ ಹೊಸ ಬಟ್ಟೆ, ನೆರೆಹೊರೆಯವರಿಗೆ ಕೇಕು ಎಂದು ಪಟ್ಟಿ ಬೆಳೆಯುತ್ತದೆ. ಆದರೆ ಸದಾ ಪುಸ್ತಕ ಹಿಡಿದಿರುವ ಮಗಳಿಗೆ, ಏನಾದರೊಂದು ಬರೆಯುತ್ತಿರುವ ಅಜ್ಜನಿಗೆ ಏನು ಕೊಡುವುದು? ಈ ಪ್ರಶ್ನೆಗೆ ಒಂದು ಇಡೀ ನಾಡೇ ಉತ್ತರ ಕಂಡುಕೊಂಡಿದೆ. ಅದು ಅಟ್ಲಾಂಟಿಕ್ ಸಾಗರದ ಉತ್ತರದಲ್ಲಿರುವ ಐಸ್‌ಲ್ಯಾಂಡ್ ದ್ವೀಪ. ಅಲ್ಲಿನ ಜನಸಂಖ್ಯೆ ಇಂದಿಗೂ ಸುಮಾರು ನಾಲ್ಕು ಲಕ್ಷ ಮಾತ್ರ.

ಆ ನಾಡಿನಲ್ಲಿ ಕ್ರಿಸ್ಮಸ್ ಉಡುಗೊರೆ ಕೊಳ್ಳುವ ಕೊನೆಯ ದೊಡ್ಡ ದಿನ ಡಿಸೆಂಬರ್ 23. ರಾಜಧಾನಿ ರೇಕ್ಯಾವಿಕ್‌ನ ಅಂಗಡಿಗಳು ಅಂದು ತಡರಾತ್ರಿಯವರೆಗೂ ತೆರೆದಿರುತ್ತವೆ. ಆ ದಿನಕ್ಕೆ ‘ಥೋರ್ಲಾಕರ ಪೂಜೆ’ ಎಂದೇ ಹೆಸರು. ಯಾರು ಈ ಥೋರ್ಲಾಕ್? 1133ರಲ್ಲಿ ಹುಟ್ಟಿ, ಬಾಲ್ಯದಲ್ಲಿ ಒಬ್ಬ ಗುರುಗಳ ಬಳಿ ಅಕ್ಷರ ಕಲಿತು, ಮುಂದೆ ಪ್ಯಾರಿಸ್ ಮತ್ತು ಇಂಗ್ಲೆಂಡಿನ ಲಿಂಕನ್ ನಗರದಲ್ಲಿ ವ್ಯಾಸಂಗ ಮಾಡಿ ಊರಿಗೆ ಮರಳಿದವರು. 1168ರಲ್ಲಿ ಸಂತ ಅಗಸ್ಟೀನರ ನಿಯಮದ ಮಠವೊಂದನ್ನು ಕಟ್ಟಿದರು. ಬಳಿಕ ಸ್ಕಾಲ್ಹೋಲ್ಟ್‌ನ ಧರ್ಮಾಧ್ಯಕ್ಷರಾಗಿ 1193ರ ಡಿಸೆಂಬರ್ 23ರಂದು ನಿಧನರಾದರು. ಹದಿನಾರನೆಯ ಶತಮಾನದಲ್ಲಿ ಆ ನಾಡು ಲೂಥರನ್ ಪಂಥಕ್ಕೆ ಸೇರಿತು. ಕಡೆಯ ಕಥೋಲಿಕ ಧರ್ಮಾಧ್ಯಕ್ಷ ಯೋನ್ ಅರಾಸನ್ 1550ರಲ್ಲಿ ಶಿರಚ್ಛೇದಕ್ಕೆ ಗುರಿಯಾದರು. ಐಸ್‌ಲ್ಯಾಂಡಿಗೆ ಮೊದಲ ಮುದ್ರಣಯಂತ್ರವನ್ನು ತರಿಸಿದವರು ಇವರೇ. ಇಷ್ಟೆಲ್ಲ ಆದರೂ ಜನರ ಬಾಯಲ್ಲಿ ಥೋರ್ಲಾಕರ ದಿನದ ಹೆಸರು ಅಳಿಯಲಿಲ್ಲ. 1984ರಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲ್ ಅವರು ಈ ಸಂತರನ್ನು ಐಸ್‌ಲ್ಯಾಂಡಿನ ಪಾಲಕರೆಂದು ಘೋಷಿಸಿದರು.

ಆ ನಾಡಿನಲ್ಲಿ ಪುಸ್ತಕದ ಬೆಲೆ ಎಷ್ಟೆಂಬುದನ್ನು ಒಂದೇ ಗ್ರಂಥದ ಕಥೆಯಿಂದ ತಿಳಿಯಬಹುದು. 1387ರಲ್ಲಿ ಒಬ್ಬ ಸಿರಿವಂತ ರೈತನಿಗಾಗಿ ಇಬ್ಬರು ಗುರುಗಳು ಹಳೆಯ ರಾಜರ ಕಥೆಗಳನ್ನು ಕೈಯಾರೆ ನಕಲು ಮಾಡತೊಡಗಿದರು. ಕಾಗದವಿಲ್ಲದ ಕಾಲ; ಹಾಳೆಗಳಿಗಾಗಿ 113 ಕರುಗಳ ಚರ್ಮ ಬೇಕಾಯಿತು. ಮುಂದೆ ಈ ಗ್ರಂಥ ಫ್ಲಾತೇ ಎಂಬ ಪುಟ್ಟ ದ್ವೀಪದ ಮನೆಯೊಂದರಲ್ಲಿ ಉಳಿಯಿತು. ಧರ್ಮಾಧ್ಯಕ್ಷರೊಬ್ಬರು ಹಣ ಕೊಡುತ್ತೇನೆಂದರೂ, ಜಮೀನು ಕೊಡುತ್ತೇನೆಂದರೂ ಮನೆಯೊಡೆಯ ಒಪ್ಪಲಿಲ್ಲವಂತೆ. ಕೊನೆಗೆ 1647ರಲ್ಲಿ ಅವನೇ ಅದನ್ನು ಅವರಿಗೆ ಉಡುಗೊರೆಯಾಗಿ ಕೊಟ್ಟ. ಮಾರಲು ಮನಸ್ಸಾಗದ್ದನ್ನು ಕೊಡಲು ಮನಸ್ಸಾಯಿತು! 1656ರಲ್ಲಿ ಗ್ರಂಥ ಡೆನ್ಮಾರ್ಕಿನ ದೊರೆಯ ಪಾಲಾಯಿತು. ಮೂರು ಶತಮಾನಗಳ ನಂತರ, 1971ರ ಏಪ್ರಿಲ್ 21ರಂದು, ಅದು ಹಡಗಿನಲ್ಲಿ ತವರಿಗೆ ಮರಳಿದಾಗ ಸಾವಿರಾರು ಜನ ಬಂದರಿನಲ್ಲಿ ಕಾದು ನಿಂತಿದ್ದರು.

ಇಂಥ ಪ್ರೀತಿ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. ಅಲ್ಲಿ ಡಿಸೆಂಬರ್ ತಿಂಗಳಲ್ಲಿ ಹಗಲು ನಾಲ್ಕೇ ಗಂಟೆ. ಹಿಂದೆ ಆ ದೀರ್ಘ ರಾತ್ರಿಗಳಲ್ಲಿ ಹುಲ್ಲುಹೆಂಟೆಯ ಮನೆಗಳೊಳಗೆ ಮನೆಮಂದಿ, ಆಳುಕಾಳು ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಉಣ್ಣೆ ನೂಲುತ್ತಿದ್ದರು, ಹೆಣೆಯುತ್ತಿದ್ದರು. ಮೀನೆಣ್ಣೆಯ ದೀಪದ ಬೆಳಕಿನಲ್ಲಿ ಒಬ್ಬರು ಗಟ್ಟಿಯಾಗಿ ಓದುತ್ತಿದ್ದರು. ಇದಕ್ಕೆ ಅವರ ಭಾಷೆಯಲ್ಲಿ ‘ಸಂಜೆಯ ಜಾಗರಣೆ’ ಎಂಬ ಅರ್ಥದ ಹೆಸರಿತ್ತು. ಬಡತನದ ಆ ಕಾಲದಲ್ಲಿ ಕ್ರಿಸ್ಮಸ್ ಉಡುಗೊರೆಯೆಂದರೆ ಒಂದು ಹೊಸ ಉಡುಪು, ಇಲ್ಲವೇ ಒಂದು ಮೇಣದಬತ್ತಿ.

ಪುಸ್ತಕವೇ ಹಬ್ಬದ ಮುಖ್ಯ ಉಡುಗೊರೆಯಾದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಆಗ ವಿದೇಶಿ ಸಾಮಾನುಗಳ ಆಮದಿಗೆ ಕಟ್ಟುಪಾಡುಗಳಿದ್ದವು. ಜನರ ಕೈಯಲ್ಲಿ ದುಡ್ಡಿತ್ತು, ಅಂಗಡಿಯಲ್ಲಿ ಕೊಳ್ಳಲು ವಸ್ತುಗಳಿರಲಿಲ್ಲ. ಕಾಗದದ ಮೇಲಿನ ನಿರ್ಬಂಧ ಮಾತ್ರ ಅಷ್ಟು ಬಿಗಿಯಾಗಿರಲಿಲ್ಲ. ಆದ್ದರಿಂದ ಜನ ಪುಸ್ತಕ ಕೊಳ್ಳತೊಡಗಿದರು. ಐಸ್‌ಲ್ಯಾಂಡ್ ಗಣರಾಜ್ಯವಾದ 1944ರಲ್ಲೇ ಹೊಸ ಪುಸ್ತಕಗಳ ಪಟ್ಟಿಯೂ ಪ್ರಕಟವಾಗತೊಡಗಿತು. ದಶಕಗಳ ಕಾಲ ಅದು ಮನೆಮನೆಗೆ ಉಚಿತವಾಗಿ ತಲುಪಿತು. ವರ್ಷದ ಹೊಸ ಪುಸ್ತಕಗಳಲ್ಲಿ ಬಹುಪಾಲು ಕ್ರಿಸ್ಮಸ್‌ಗೆ ಮುಂಚಿನ ತಿಂಗಳುಗಳಲ್ಲೇ ಹೊರಬರುತ್ತವೆ. ಇದನ್ನು ಅವರು ‘ಕ್ರಿಸ್ಮಸ್ ಪುಸ್ತಕ ಪ್ರವಾಹ’ ಎಂದು ಕರೆಯುತ್ತಾರೆ. ಡಿಸೆಂಬರ್ 24ರ ಸಂಜೆ ಆರು ಗಂಟೆಗೆ ದೇವಾಲಯದ ಗಂಟೆ ಮೊಳಗುತ್ತದೆ. ಊಟ ಮುಗಿದ ಮೇಲೆ ಉಡುಗೊರೆಗಳನ್ನು ಬಿಚ್ಚುತ್ತಾರೆ. ಆಮೇಲೆ ಹೊಸ ಪುಸ್ತಕ ಹಿಡಿದು ಮಲಗುವ ಕೋಣೆ ಸೇರುವವರು ಬಹಳ ಮಂದಿ.

ಇದರಿಂದ ಆದ ಲಾಭವನ್ನು ನಾವು ಗಮನಿಸಬೇಕು. ಬೆರಳೆಣಿಕೆಯ ಜನ ಆಡುವ ಆ ಭಾಷೆಯಲ್ಲಿ ಬರೆದ ಹಾಲ್‌ದೋರ್ ಲಾಕ್ಸ್‌ನೆಸ್ 1955ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಯೌವನದಲ್ಲಿ, 1923ರಲ್ಲಿ, ಲಕ್ಸೆಂಬರ್ಗ್‌ನ ಬೆನೆಡಿಕ್ಟೈನ್ ಮಠವೊಂದರಲ್ಲಿ ಕಥೋಲಿಕ ಧರ್ಮಸಭೆಗೆ ಸೇರಿದ್ದವರು ಅವರು. ಮನೆಮನೆಯಲ್ಲಿ ಕೊಂಡು ಓದುವವರಿದ್ದರೆ ಸಣ್ಣ ಭಾಷೆಯ ಬರಹಗಾರನೂ ಬದುಕುತ್ತಾನೆ.

ನಮ್ಮ ಕನ್ನಡ ಕೋಟಿಗಟ್ಟಲೆ ಜನರ ಭಾಷೆ. ಆದರೂ ನಮ್ಮ ಎಷ್ಟು ಮನೆಗಳಲ್ಲಿ ಮಕ್ಕಳು ಅಜ್ಜಿಯ ಪ್ರಾರ್ಥನಾ ಪುಸ್ತಕವನ್ನು ತಡವರಿಸದೆ ಓದಬಲ್ಲರು? ಶಾಲೆಯನ್ನು ದೂರಿ ಕೂರುವ ಬದಲು ಈ ಹಬ್ಬಕ್ಕೆ ಒಂದೊಂದು ಕನ್ನಡ ಪುಸ್ತಕ ಕೊಡೋಣ. ಮಗುವಿಗೆ ಚಿತ್ರಗಳಿರುವ ಕಥೆ, ಕಣ್ಣು ಮಂಜಾದ ಹಿರಿಯರಿಗೆ ದಪ್ಪ ಅಕ್ಷರದ ಶುಭಸಂದೇಶ, ಬರೆಯುವವರಿಗೆ ಒಳ್ಳೆಯ ನೋಟುಪುಸ್ತಕ ಮತ್ತು ಪೆನ್ನು. ಪರಿಚಯದವರು ಪುಸ್ತಕ ಬರೆದಿದ್ದರೆ ಗೌರವಪ್ರತಿ ಕೇಳದೆ ದುಡ್ಡು ಕೊಟ್ಟು ಕೊಳ್ಳೋಣ, ಓದಿ ಅವರಿಗೆ ನಾಲ್ಕು ಮಾತು ಹೇಳೋಣ. ಬರಹಗಾರರಿಗೆ ಇದಕ್ಕಿಂತ ದೊಡ್ಡ ಉಡುಗೊರೆ ಬೇರಿಲ್ಲ.

ದೇವರ ವಾಕ್ಯವೇ ಮನುಷ್ಯರೂಪ ತಾಳಿ ನಮ್ಮ ನಡುವೆ ಬಂದ ಹಬ್ಬವಿದು. ಈ ಹಬ್ಬದ ದಿನಗಳಲ್ಲಿ ಒಂದು ಸಂಜೆಯಾದರೂ ಟಿ.ವಿ., ಮೊಬೈಲು ಆರಿಸಿ ಗೋದಲಿಯ ಮುಂದೆ ಕೂರೋಣ. ಒಬ್ಬರು ಓದಲಿ, ಉಳಿದವರು ಕೇಳಲಿ. ಎಲ್ಲರಿಗೂ ಕ್ರಿಸ್ಮಸ್ ಹಬ್ಬದ ಶುಭಾಶಯಗಳು.