ಕೇದರ್ ಮೀನಿನ ಗಾಳ ಬೇಟೆ (ಕಾಸರಗೋಡು ಕರಾವಳಿ)

ಕೇದರ್ ಎಂದರೆ ಟ್ಯೂನಾ ಬಳಗದ ಸಣ್ಣ ಮೀನು. ಮಲಯಾಳ ಮಾತಾಡುವವರು ಅದನ್ನು ಚೂರ ಎನ್ನುತ್ತಾರೆ. ಮಂಜೇಶ್ವರದಿಂದ ವಲಿಯಪರಂಬದವರೆಗಿನ ಕಾಸರಗೋಡು ಕರಾವಳಿಯಲ್ಲಿ ದೋಣಿಯಿಂದ ತೆಳ್ಳನೆಯ ದಾರ ಬಿಟ್ಟು ಇದನ್ನು ಹಿಡಿಯುವುದು ಬಲೆಗಾರಿಕೆಯ ಮಗ್ಗುಲಲ್ಲೇ ಉಳಿದುಬಂದ ಕಿರುಗಸುಬು. ಅದು ಹವ್ಯಾಸವಾದದ್ದು ಈಚೆಗೆ.

ಇಲ್ಲಿ ಮುಖ್ಯವಾದ ಜಾತಿ ಯೂಥಿನಸ್ ಅಫಿನಿಸ್. ಪಿನಾಂಗಿನಲ್ಲಿ ಸಿಕ್ಕ ಮೀನನ್ನು ನೋಡಿ ಥಿಯೊಡೋರ್ ಕ್ಯಾಂಟರ್ 1849ರಲ್ಲಿ ಇದನ್ನು ವಿವರಿಸಿದರು. ಬೆನ್ನಿನ ಮೇಲೆ ಓರೆ ಗೆರೆ, ಎದೆಯ ಈಜುರೆಕ್ಕೆಯ ಕೆಳಗೆ ಕೆಲವು ಕಪ್ಪು ಚುಕ್ಕೆ ಇದರ ಗುರುತು. ಆಕ್ಸಿಸ್ ಕುಲದ ಇನ್ನೂ ಸಣ್ಣ ಮೀನುಗಳಿಗೆ, ಅಂದರೆ ಎಲಿಚೂರಕ್ಕೆ, ಆ ಚುಕ್ಕೆಗಳಿಲ್ಲ. ಎರಡಕ್ಕೂ ಗಾಳಿಚೀಲವಿಲ್ಲದ ಕಾರಣ ಈಜು ನಿಲ್ಲಿಸುವಂತಿಲ್ಲ. ಬೊಳೆಂಜೀರಿನಂಥ ಪುಟ್ಟ ಮೀನುಗಳ ಹಿಂಡನ್ನು ನೀರಿನ ಮೇಲ್ಮೈಗೆ ಅಟ್ಟಿ ತಿನ್ನುತ್ತವೆ. ಮೇಲೆ ಕಡಲಹಕ್ಕಿ, ಕೆಳಗೆ ಕುದಿಯುವ ನೀರು ಕಂಡರೆ ಮೀನುಗಾರನಿಗೆ ಬೇರೆ ಸುಳಿವು ಬೇಡ. ಹೊಳೆಯುವ ತುಣುಕನ್ನೋ ಬಿಳಿ ಗರಿಯನ್ನೋ ಗಾಳಕ್ಕೆ ಕಟ್ಟಿ ದೋಣಿಯ ಹಿಂದೆ ಎಳೆಯುವ ಹಳೆಯ ಕ್ರಮ ನಿಂತಿರುವುದು ಈ ತಿಂಡಿಪೋತತನದ ಮೇಲೆಯೇ.

ಟ್ಯೂನಾದ ಗಾಳ ಬೇಟೆ ಒಂದು ದೊಡ್ಡ ವಿದ್ಯೆಯಾಗಿ ಬೆಳೆದದ್ದು ಪಡುವಣದ ಲಕ್ಷದ್ವೀಪದಲ್ಲಿ. ಮಿನಿಕಾಯ್‌ನವರು ಸಣ್ಣ ಮೀನುಗಳನ್ನು ಜೀವಂತ ಹಿಡಿದಿಟ್ಟುಕೊಂಡು ಕಡಲಿಗೆ ಎಸೆಯುತ್ತಾರೆ. ಟ್ಯೂನಾ ಮುತ್ತಿದೊಡನೆ ನೀರು ಚಿಮ್ಮಿಸಿ, ಕೋಲಿಗೆ ಕಟ್ಟಿದ ಮುಳ್ಳಿಲ್ಲದ ಗಾಳದಿಂದ ಒಂದೊಂದನ್ನೇ ದೋಣಿಯೊಳಕ್ಕೆ ಎತ್ತಿ ಹಾಕುತ್ತಾರೆ. ವಿಜ್ಞಾನಿ ಎಸ್. ಜೋನ್ಸ್ 1958ರಲ್ಲಿ ಇದರ ವಿವರ ಪ್ರಕಟಿಸಿದರು. ಆಗಿನ ಆಡಳಿತದಲ್ಲಿ ಮಿನಿಕಾಯ್ ದ್ವೀಪ ಮಲಬಾರಿಗೆ ಸೇರಿತ್ತು. ಆದರೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಅಮಿನಿದಿವಿ ದ್ವೀಪಗಳ ಕಥೆ ಬೇರೆ. 1780ರ ದಶಕದಲ್ಲಿ ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಯಿಂದ ಬಿಡಿಸಿಕೊಂಡು ಟಿಪ್ಪುವಿನ ಕಡೆಗೆ ಬಂದ ಇವು 1799ರಲ್ಲಿ ಇಂಗ್ಲಿಷರ ಪಾಲಾದವು. 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ದಕ್ಷಿಣ ಕನ್ನಡದ ಆಡಳಿತದಲ್ಲಿದ್ದವು. ಕಾಸರಗೋಡು ಕೂಡ ಅದೇ ಜಿಲ್ಲೆಯಲ್ಲಿತ್ತು. ದ್ವೀಪದ ಓಡಗಳು ತೆಂಗಿನ ನಾರು ತಂದು ಮಂಗಳೂರಿನಿಂದ ಅಕ್ಕಿ ಒಯ್ಯುತ್ತಿದ್ದವು.

ದ್ವೀಪಗಳೊಡನೆ ಇಷ್ಟು ಒಡನಾಟವಿದ್ದೂ ಕೋಲುಗಾಳದ ವಿದ್ಯೆ ಈ ದಡಕ್ಕೆ ದಾಟಲಿಲ್ಲ. ಕಾರಣ ಕಡಲಿನಲ್ಲೇ ಇದೆ. ಹವಳದ ಲಗೂನಿನ ತಿಳಿನೀರಿನಲ್ಲಿ ಜೀವಂತ ಮೀನು ಹಿಡಿಯುವುದೂ ಉಳಿಸಿಕೊಳ್ಳುವುದೂ ಸುಲಭ, ಲಗೂನು ದಾಟಿದೊಡನೆ ಆಳ. ಇಲ್ಲಿ ಹೊಳೆಗಳು ಕೆಸರು ತಂದು ಸುರಿಯುತ್ತವೆ, ಕಡಲತಳ ಬಹುದೂರ ಮೆಲ್ಲಗೆ ಇಳಿಯುತ್ತದೆ, ಬೂತಾಯಿ ಬಂಗುಡೆ ದಡಕ್ಕೇ ಬರುತ್ತವೆ. ಬಲೆ ಎಳೆದರೆ ಹೊಟ್ಟೆ ತುಂಬುವಲ್ಲಿ ಒಂದೊಂದೇ ಮೀನಿಗೆ ಕೋಲು ಹಿಡಿದು ನಿಲ್ಲುವವರು ಯಾರು? ಕೆಂಪು ಮಾಂಸದ ಕೇದರ್‌ಗೆ ಅಂಜಲ್, ಮಾಂಜಿಯ ಮಾನವೂ ಇಲ್ಲಿನ ಅಡುಗೆಮನೆಯಲ್ಲಿ ಸಿಗಲಿಲ್ಲ.

ಗಾಳದ ವಿನೋದಕ್ಕೆ ಭಾರತದಲ್ಲಿ ಹೆಸರಾದ ಪುಸ್ತಕ ಹುಟ್ಟಿದ್ದು ಇದೇ ಜಿಲ್ಲೆಯಲ್ಲಿ ಎಂಬುದು ಸೋಜಿಗ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಹೆನ್ರಿ ಸಲಿವನ್ ಥಾಮಸ್ ಅವರ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು. ಅಮಿನಿದಿವಿಯ ಕಡತವೂ ಕಲೆಕ್ಟರರ ಮೇಜಿಗೇ ಬರುತ್ತಿತ್ತು. ಆದರೂ ಥಾಮಸ್ ಅವರ ಮನಸ್ಸು ಹೊಳೆಯ ಮಹಶೀರ್ ಮೀನಿನ ಮೇಲೆ. ಸಾಹೇಬರ ರಾಡು ಘಟ್ಟದ ಕಡೆ ಹೋಯಿತು, ಕಡಲು ಮೊಗವೀರ, ಮುಕ್ಕುವ, ಮಾಪಿಳ್ಳೆಯರ ಕೈಯಲ್ಲೇ ಉಳಿಯಿತು.

ಸ್ವಾತಂತ್ರ್ಯದ ನಂತರ ಹತ್ತಿ, ನಾರಿನ ಬಲೆಗಳ ಜಾಗಕ್ಕೆ ನೈಲಾನ್ ಬಂತು. 1970ರ ದಶಕದಲ್ಲಿ ಮಂಗಳೂರು ಕಡೆ ಪರ್ಸೀನ್ ಬೋಟು, 1980ರ ದಶಕದಲ್ಲಿ ಕೇರಳದಲ್ಲಿ ಔಟ್‌ಬೋರ್ಡ್ ಎಂಜಿನ್ ಮತ್ತು ರಿಂಗ್ ಸೀನ್ ಹರಡಿದವು. ಕೇದರ್ ಈಗ ಹೆಚ್ಚಾಗಿ ಸಿಗುವುದು ನೀರಿನ ಹರಿವಿಗೆ ಬಿಡುವ ಬಲೆ ಮತ್ತು ಸುತ್ತುಬಲೆಗಳಲ್ಲಿ. ಈ ಮೀನುಗಳ ಸಂತಾನೋತ್ಪತ್ತಿ ಕುರಿತು ಮಂಗಳೂರು ಸಮೀಪದ ಕಡಲಲ್ಲಿ 1979–82ರಲ್ಲಿ ನಡೆದ ಅಧ್ಯಯನ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ 1985ರ ಟ್ಯೂನಾ ಸಂಚಿಕೆಯಲ್ಲಿದೆ. ಕಾಸರಗೋಡಿನ ಮೀನಿಗೂ ಅದು ಹತ್ತಿರದ ಆಧಾರ. 

ಹವ್ಯಾಸಿಗಳು ಬಂದದ್ದು ಸ್ಪಿನ್ನಿಂಗ್ ರೀಲು, ಹೆಣೆದ ತೆಳುದಾರ, ಜಿಗ್ ಎಂಬ ಲೋಹದ ಹುಸಿಮೀನು ಅಗ್ಗವಾಗಿ ಸಿಗತೊಡಗಿದ ಮೇಲೆ. ದೋಣಿ ಮಾತ್ರ ಕಸುಬಿನವರದೇ, ಹಿಂಡನ್ನು ಗುರುತಿಸುವ ಕಣ್ಣೂ ಅವರದೇ. ಹಿಂಡಿನ ನಡುವೆ ಎಂಜಿನ್ ನುಗ್ಗಿಸಿದರೆ ಮೀನು ಮುಳುಗಿಬಿಡುತ್ತದೆ. ಗಾಳಿಯ ಮೇಲ್ಮಗ್ಗುಲಿಗೆ ಬಂದು, ಎಂಜಿನ್ ತಗ್ಗಿಸಿ, ಹಿಂಡಿನ ಅಂಚಿಗೆ ಜಿಗ್ ಎಸೆದು ಬಿರುಸಾಗಿ ಸುತ್ತಬೇಕು. ಕೆಲವೇ ಕಿಲೋ ತೂಗುವ ಕೇದರ್ ಕಚ್ಚಿದೊಡನೆ ರೀಲಿನಿಂದ ಉದ್ದಕ್ಕೆ ದಾರ ಎಳೆದೊಯ್ಯುತ್ತದೆ. ಆಟದ ಸುಖವೆಲ್ಲ ಅಲ್ಲಿರುವುದರಿಂದಲೇ ದಾರ ತೆಳ್ಳಗಿರಬೇಕು ಎನ್ನುತ್ತಾರೆ. ಆದರೆ ದಾರ ತೀರ ತೆಳುವಾದರೆ ಸೆಣಸಾಟ ಬೆಳೆದು ಮೀನು ಸೋತುಹೋಗುತ್ತದೆ, ಹಾಗೆ ಬಳಲಿದ್ದನ್ನು ನೀರಿಗೆ ಬಿಟ್ಟರೂ ಬದುಕುವ ಭರವಸೆಯಿಲ್ಲ. ತಿನ್ನಲು ಇಟ್ಟುಕೊಳ್ಳುವವರು ಕಿವಿರು ಕತ್ತರಿಸಿ ರಕ್ತ ಬಸಿದು ಕೂಡಲೇ ಮಂಜುಗಡ್ಡೆಗೆ ಹಾಕಬೇಕು. ಬಿಸಿಲಲ್ಲಿ ಬಿದ್ದ ಕೇದರ್‌ನಲ್ಲಿ ಹಿಸ್ಟಮಿನ್ ಕೂಡಿಕೊಳ್ಳುತ್ತದೆ, ಆಮೇಲೆ ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ.