ಎಂಜಿನ್ನಿನ ತಲೆಗೆ ಪುಡಿಯ ಬಣ್ಣ

ಇಟಲಿಯ ಫೆರಾರಿ ಕಂಪೆನಿ 1956ರಲ್ಲಿ ತನ್ನ ರೇಸಿನ ಕಾರೊಂದಕ್ಕೆ ‘ಟೆಸ್ಟಾ ರೋಸಾ’ ಎಂದು ಹೆಸರಿಟ್ಟಿತು. ಇಟಾಲಿಯನ್ ಭಾಷೆಯಲ್ಲಿ ಹಾಗೆಂದರೆ ‘ಕೆಂಪು ತಲೆ’. ಹೆಸರು ಬಂದದ್ದು ಕಾರಿನ ಮೈಬಣ್ಣದಿಂದಲ್ಲ. ಬಾನೆಟ್ಟು ಎತ್ತಿದರೆ ಮಾತ್ರ ಕಾಣುವ, ಎಂಜಿನ್ನಿನ ನೆತ್ತಿಯ ಮೇಲಿನ ಮುಚ್ಚಳಗಳಿಗೆ ಬಳಿದ ಕೆಂಪಿನಿಂದ. ಯಾರಿಗೂ ಕಾಣದ ಜಾಗದ ಬಣ್ಣಕ್ಕೆ ಇಷ್ಟು ಪ್ರಾಶಸ್ತ್ಯವೇ ಎಂದು ನಮಗೆ ಅನ್ನಿಸಬಹುದು. ಆದರೆ ಕಾರಿನಲ್ಲಿ ಬಣ್ಣಕ್ಕೆ ಅತಿ ಕಠಿಣ ಪರೀಕ್ಷೆ ನಡೆಯುವುದು ಅಲ್ಲಿಯೇ. ಸುಡುವ ಶಾಖ, ಸೋರುವ ಎಣ್ಣೆ, ಚಿಮ್ಮುವ ಕೆಸರು, ಎಡೆಬಿಡದ ನಡುಕ ಇವೆಲ್ಲವನ್ನೂ ತಾಳಿಕೊಂಡು ಲೋಹಕ್ಕೆ ಅಂಟಿಕೊಂಡಿರುವ ಬಣ್ಣವನ್ನು ಹುಡುಕುತ್ತ ಮನುಷ್ಯ ಬಹಳ ದೂರ ಬಂದಿದ್ದಾನೆ.

ಈ ಹುಡುಕಾಟ ಕಾರಿಗಿಂತ ಹಳೆಯದು. ಚೀನಾ, ಜಪಾನುಗಳಿಂದ ಬಂದ, ಮರದ ರಸದಿಂದ ಮೆರುಗು ಕೊಟ್ಟ ಪೆಟ್ಟಿಗೆಗಳನ್ನು ಕಂಡು ಯೂರೋಪಿನವರು ಬೆರಗಾದರು. ಆ ಮರ ಅವರಲ್ಲಿರಲಿಲ್ಲ. ಹದಿನೆಂಟನೆಯ ಶತಮಾನದಲ್ಲಿ ವೇಲ್ಸಿನ ಪಾಂಟಿಪೂಲ್ ಊರಿನ ಆಲ್‌ಗುಡ್ ಮನೆತನದವರು ತವರ ಲೇಪಿಸಿದ ಕಬ್ಬಿಣದ ತಗಡಿಗೆ ವಾರ್ನಿಷ್ ಬಳಿದು, ಒಲೆಯಲ್ಲಿಟ್ಟು ಬೇಯಿಸಿ, ಹೊಳೆಯುವ ತಟ್ಟೆ ಡಬ್ಬಿಗಳನ್ನು ಮಾಡಿ ಹೆಸರಾದರು. ಈ ಕಸಬಿಗೆ ‘ಜಪಾನಿಂಗ್’ ಎಂದೇ ಹೆಸರಾಯಿತು. ಮುಂದೆ ಕಲ್ಲರಗು ಮತ್ತು ಅಗಸೆ ಎಣ್ಣೆ ಬೆರೆಸಿದ ‘ಜಪಾನ್ ಕಪ್ಪು’ ಲೋಹದ ಸಾಮಾನುಗಳ ಮಾಮೂಲಿ ಬಣ್ಣವಾಯಿತು. ಬಣ್ಣವನ್ನು ಒಣಗಿಸುವುದಲ್ಲ, ಬೇಯಿಸಬೇಕು ಎಂಬ ಅರಿವು ಆಗಲೇ ಬಂದಿತ್ತೆಂಬುದನ್ನು ಗಮನಿಸಬೇಕು.

ಹೆನ್ರಿ ಫೋರ್ಡನ ‘ಮಾಡೆಲ್ ಟಿ’ ಕಾರು 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಿ ಮಾತ್ರ ಸಿಗುತ್ತಿತ್ತು. ಇದನ್ನು ಫೋರ್ಡನ ಹಟವೆಂದು ಹೇಳಿ ನಗುವುದುಂಟು. ಅದು ಪೂರ್ತಿ ನ್ಯಾಯವಲ್ಲ. ಕಲ್ಲರಗು ಬೆರೆತ ಬಣ್ಣ ಅಗ್ಗ, ಗಟ್ಟಿ. ಆದರೆ ಅದು ಕಪ್ಪಲ್ಲದೆ ಬೇರೇನೂ ಆಗಲು ಸಾಧ್ಯವಿರಲಿಲ್ಲ. 1923ರಲ್ಲಿ ಡ್ಯುಪಾಂಟ್ ಕಂಪೆನಿಯ ‘ಡ್ಯೂಕೊ’ ಬಂದಮೇಲೆ ಕಾರುಗಳಿಗೆ ಬಗೆಬಗೆಯ ಬಣ್ಣ ಬಂತು, ವಾರಗಟ್ಟಲೆ ಹಿಡಿಯುತ್ತಿದ್ದ ಕೆಲಸ ಗಂಟೆಗಳಿಗೆ ಇಳಿಯಿತು.

ಆದರೆ ಇಂಥ ಬಣ್ಣದ ಡಬ್ಬಿಯಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಬಣ್ಣವಲ್ಲ, ಅದನ್ನು ತೆಳುವಾಗಿಸುವ ಥಿನ್ನರು. ಸಿಂಪಡಿಸಿದ ಕ್ಷಣದಿಂದ ಅದು ಗಾಳಿಗೆ ಹಾರುತ್ತದೆ. ಮೊದಲು ಹೋಗುವುದು ಸಿಂಪಡಿಸುವ ಕೆಲಸಗಾರನ ಮೂಗಿಗೆ, ಆಮೇಲೆ ಊರಿಗೆ. ಹೊಗೆಮಂಜಿನಿಂದ ಕಂಗೆಟ್ಟ ಲಾಸ್ ಏಂಜಲಿಸ್ ಪ್ರಾಂತ 1966ರಲ್ಲಿ ಇಂಥ ದ್ರವಗಳಿಗೆ ಕಡಿವಾಣ ಹಾಕುವ ನಿಯಮ ಮಾಡಿತು.

ಹಾಗಾದರೆ ದ್ರವವೇ ಇಲ್ಲದ ಬಣ್ಣ ಬಳಿಯಲಾದೀತೆ? ಈ ಪ್ರಶ್ನೆಗೆ ಉತ್ತರ ಅದಕ್ಕೆ ಮೊದಲೇ ಜರ್ಮನಿಯಲ್ಲಿ ಸಿದ್ಧವಾಗಿತ್ತು. ಎರ್ವಿನ್ ಗೆಮ್ಮರ್ ಎಂಬ ವಿಜ್ಞಾನಿ 1953ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ವಿಧಾನ ನೋಡಲು ಸೊಗಸು. ಸಣ್ಣ ಸಣ್ಣ ರಂಧ್ರಗಳಿರುವ ತಳದ ತೊಟ್ಟಿಯಲ್ಲಿ ಪ್ಲಾಸ್ಟಿಕ್ಕಿನ ನುಣ್ಣನೆ ಪುಡಿ; ಕೆಳಗಿನಿಂದ ಹದವಾಗಿ ಗಾಳಿ. ಪುಡಿ ಉಬ್ಬಿ, ಕುದಿಯುವ ಹಾಲಿನಂತೆ ಅಲೆಯಾಡುತ್ತದೆ. ಕಾಯಿಸಿದ ಲೋಹವನ್ನು ಅದರಲ್ಲಿ ಮುಳುಗಿಸಿ ತೆಗೆದರೆ ತಾಗಿದ ಪುಡಿಯೆಲ್ಲ ಕರಗಿ ಪೊರೆಯಾಗಿ ಕೂರುತ್ತದೆ. ಆದರೆ ಪೊರೆ ದಪ್ಪ. ಕೊಳವೆಗೆ, ತಂತಿಬಲೆಗೆ ಸರಿ. ಎಂಜಿನ್ನಿನ ಅಚ್ಚುಕಟ್ಟಾದ ಭಾಗಗಳಿಗೆ ಒಗ್ಗದು. 1960ರ ದಶಕದಲ್ಲಿ ಆ ತೊಡಕೂ ನೀಗಿತು. ಗನ್ನಿನಿಂದ ಚಿಮ್ಮುವ ಪುಡಿಗೆ ಹತ್ತಾರು ಸಾವಿರ ವೋಲ್ಟಿನ ವಿದ್ಯುತ್ತು ಸೋಕಿಸಿ, ವಸ್ತುವನ್ನು ಭೂಮಿಗೆ ಜೋಡಿಸಿದರೆ ಪುಡಿ ತಾನಾಗಿ ಹೋಗಿ ಅಂಟಿಕೊಳ್ಳುತ್ತದೆ. ಬಾಚಣಿಗೆ ತಲೆಗೆ ಉಜ್ಜಿ ಕಾಗದದ ಚೂರು ಎತ್ತುವ ಶಾಲೆಯ ಆಟವೇ ಇದು. ಬಳಿಕ ಒಲೆಯಲ್ಲಿ ಸುಮಾರು 200 ಡಿಗ್ರಿಯ ಬೇಗೆ. ಕೆಳಗುದುರಿದ ಪುಡಿಯನ್ನು ಗುಡಿಸಿ ಮತ್ತೆ ಬಳಸಲೂಬಹುದು. ನಮ್ಮ ಅಲ್ಯುಮಿನಿಯಂ ಕಿಟಕಿಗಳ ಮೇಲಿರುವುದೂ ಹೆಚ್ಚಾಗಿ ಇದೇ ಪೊರೆ.

ಕಿಟಕಿಗೆ ಸಲೀಸಾದದ್ದು ಎಂಜಿನ್ನಿಗೆ ಅಷ್ಟು ಸಲೀಸಲ್ಲ. ಎಂಜಿನ್ನಿನ ಮುಚ್ಚಳ, ಗಾಳಿ ಒಯ್ಯುವ ಕವಲು ಕೊಳವೆ ಮುಂತಾದವು ಸಾಮಾನ್ಯವಾಗಿ ಎರಕದವು. ಎರಕದ ಮೈ ಸ್ಪಂಜಿನಂತೆ ಸೂಕ್ಷ್ಮ ತೂತುಗಳಿಂದ ಕೂಡಿದ್ದು, ವರ್ಷಗಟ್ಟಲೆ ಎಣ್ಣೆ ಕುಡಿದಿರುತ್ತದೆ. ಹೊರಗೆ ಎಷ್ಟು ತಿಕ್ಕಿ ತೊಳೆದರೂ ಒಲೆಯಲ್ಲಿ ಕಾದಾಗ ಒಳಗಿನ ಗಾಳಿ, ಎಣ್ಣೆಯ ಆವಿ ಮೇಲೆದ್ದು ಪೊರೆಯನ್ನು ಗುಳ್ಳೆಯಾಗಿಸಿ ಸೂಜಿಮೊನೆಯ ತೂತು ಮಾಡುತ್ತವೆ. ಅನುಭವಸ್ಥರು ಇದಕ್ಕಾಗಿ ಪುಡಿ ಹಾಕುವ ಮೊದಲೇ, ಆಮೇಲೆ ಬೇಯಿಸುವುದಕ್ಕಿಂತ ಹೆಚ್ಚಿನ ಶಾಖದಲ್ಲಿ ಒಂದು ಸಲ ಬರಿದೇ ಕಾಯಿಸಿ ಆ ಎಣ್ಣೆಯನ್ನು ಹೊರಡಿಸುತ್ತಾರೆ. ಗಡಿಬಿಡಿಯವರು ಬಿಡುವ ಹೆಜ್ಜೆ ಇದೇ. ಆಮೇಲೆ ಬೈಗುಳ ತಿನ್ನುವುದು ಪುಡಿ.

ಒಲೆಯ ಮುಳ್ಳು 200 ತೋರಿಸಿದ ಮಾತ್ರಕ್ಕೆ ಒಳಗಿನ ಲೋಹ ಅಷ್ಟು ಕಾದಿದೆಯೆಂದಲ್ಲ. ತೆಳ್ಳನೆ ತಗಡು ಬೇಗ ಕಾಯುತ್ತದೆ, ದಪ್ಪ ಎರಕ ಸಾವಕಾಶ. ಹೆಂಚು ಕಾಯುವ ಮೊದಲೇ ಹುಯ್ದ ದೋಸೆಯಂತೆ, ಲೋಹ ಕಾಯುವ ಮೊದಲು ನಿಮಿಷ ಎಣಿಸಿದರೆ ಪೊರೆ ಹಸಿಯಾಗಿಯೇ ಉಳಿದು ಪೆಟ್ರೋಲು ತಾಗಿದಾಗ ಮೆತ್ತಗಾಗುತ್ತದೆ. ಇನ್ನು ಒಳಮೂಲೆಗಳು. ಲೋಹದ ಗೂಡಿನಲ್ಲಿ ವಿದ್ಯುತ್ತು ಹೊರಮೈಯಲ್ಲೇ ನಿಲ್ಲುತ್ತದೆ, ಒಳಗೆ ಇಳಿಯುವುದಿಲ್ಲ ಎಂದು ಮೈಕೆಲ್ ಫ್ಯಾರಡೆ 1836ರಲ್ಲಿಯೇ ತೋರಿಸಿದ್ದ. ಪುಡಿಯೂ ಅದೇ ಕಾರಣಕ್ಕೆ ಅಂಚಿನಲ್ಲಿ ರಾಶಿ ಬೀಳುತ್ತದೆ, ಮೂಲೆ ಬರಿದಾಗುತ್ತದೆ. ವೋಲ್ಟು ತಗ್ಗಿಸಿ, ಮೊದಲು ಮೂಲೆಗೆ ಸಿಂಪಡಿಸುವುದು ಅದಕ್ಕೆ ಉಪಾಯ.

ಬೋಲ್ಟಿನ ತೂತು, ಗ್ಯಾಸ್ಕೆಟ್ ಕೂರುವ ಮುಖ ಇವುಗಳಿಗೆ ಶಾಖ ತಾಳುವ ಟೇಪು, ಸಿಲಿಕೋನ್ ಬಿರಡೆ ಹಾಕಿ ಮರೆಮಾಡಲೇಬೇಕು. ಎಲ್ಲಕ್ಕಿಂತ ಅಪಾಯದ್ದು ಹಳೆಯ ಬಣ್ಣ ಕೀಳಲು ರಭಸದಿಂದ ಊದುವ ಮರಳಿನಂಥ ಹರಳು. ಮುಚ್ಚಳದ ಒಳಗೆ ಎಣ್ಣೆ ತಡೆಯಲು ರಿವೆಟ್ ಹೊಡೆದು ಕೂರಿಸಿದ ತಗಡಿದ್ದರೆ ಅದರ ಸಂದಿಯಲ್ಲಿ ಈ ಹರಳು ಅಡಗಿ ಕೂರುತ್ತದೆ. ಊದಿದರೆ, ತೊಳೆದರೆ ಪೂರ್ತಿ ಬರುವುದಿಲ್ಲ. ಎಂಜಿನ್ ಓಡಲಾರಂಭಿಸಿ ಬಿಸಿ ಎಣ್ಣೆ ಚಿಮ್ಮಿದಾಗ ಒಂದೊಂದೇ ಉದುರಿ ಬೇರಿಂಗಿಗೆ ಇಳಿಯುತ್ತದೆ. ಆದ್ದರಿಂದ ಬಲ್ಲವರು ಕೆಲಸಕ್ಕೆ ಮೊದಲೇ ರಿವೆಟ್ ಕಿತ್ತು ಆ ತಗಡನ್ನು ಬೇರೆ ಇಡುತ್ತಾರೆ. ಪೊರೆ ಬೆಂದು ತಣಿದು, ಒಳಗನ್ನು ಮತ್ತೊಮ್ಮೆ ತೊಳೆದಮೇಲೆಯೇ ಅದನ್ನು ತಿರುಗಿ ಕೂರಿಸುತ್ತಾರೆ.